ವಿಶ್ವಜಿತನ ಗಿಟಾರು ಮಾರಾಟಕ್ಕಿದೆ

ಫೋನಿಗೆ ಎಡ ಬಲ ತಿಳಿಯುವುದಿಲ್ಲ ಎಂಬ ತೀರ್ಮಾನಕ್ಕೆ ದತ್ತಾತ್ರೇಯರು ಬಂದದ್ದು ಒಂದು ನೂಲಹುಣ್ಣಿಮೆಯ ದಿನ. ಹೊಸ ಜನಿವಾರ ಹಾಕಿಕೊಂಡು, ತಮ್ಮ ಫೋಟೊ ತಾವೇ ತೆಗೆದು, ಬಳಗದವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದರು. ಕಲಬುರಗಿಯಲ್ಲಿರುವ ಕಾಕನ ಮಗ ಚಂದ್ರಕಾಂತ ತಡಮಾಡದೆ ಬರೆದ: 'ದತ್ತೂ, ಜನಿವಾರ ಬಲಹೆಗಲ ಮ್ಯಾಲೆ ಅದ. ಹಬ್ಬದ ದಿನ ಯಾರದಪಾ ಶ್ರಾದ್ಧ?' ಜನಿವಾರ ಎಡಹೆಗಲು ಬಿಟ್ಟು ಬಲಕ್ಕೆ ಹೋಗುವುದು ಸತ್ತವರ ಕೆಲಸಕ್ಕೆ ಮಾತ್ರ. ದತ್ತಾತ್ರೇಯರು ಎದೆ ಮುಟ್ಟಿ ನೋಡಿಕೊಂಡರು. ದಾರ ಇರಬೇಕಾದ ಕಡೆಗೇ ಇತ್ತು. ಹಾಗಾದರೆ ತಪ್ಪು ಫೋನಿನದು. ಚಿತ್ರವನ್ನು ಎಡಬಲ ಮಗುಚುವ ಗುಂಡಿ ಎಲ್ಲಿದೆ ಎಂದು ಅಂದೇ ಹುಡುಕಿ ಕಲಿತರು. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದ ಮನುಷ್ಯ. ಒಂದು ತಪ್ಪು ಸಿಕ್ಕಿ, ಅದನ್ನು ತಾವೇ ತಿದ್ದಿದ ಸುಖ ಬಹಳ ಕಾಲ ಬಾಳುತ್ತದೆ.

ಅದರ ಮುಂದಿನ ಮಳೆಗಾಲದಲ್ಲಿ ಅವರ ಮಗ ವಿಶ್ವಜಿತ್ ಜ್ವರ ಬಂದು ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ. ಮದುವೆಯಾಗಿರಲಿಲ್ಲ. ಹಗಲು ಯಾವುದೋ ಕಂಪನಿಯಲ್ಲಿ ದುಡಿದು, ವಾರದ ಕೊನೆಗೆ ಬ್ಯಾಂಡಿನಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದ. ಬೇಸ್ ಅಂದರೆ ನಾಲ್ಕೇ ತಂತಿ, ಹಗ್ಗದಷ್ಟು ದಪ್ಪ. ಹಾಡಿನಲ್ಲಿ ಅದು ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ, ಇಲ್ಲದಾಗ ಮಾತ್ರ ಏನೋ ಕಳೆದುಹೋದಂತಾಗುತ್ತದೆ. ಹೈದರಾಬಾದಿನ ಹಳೆ ವಿಮಾನ ನಿಲ್ದಾಣದ ಹತ್ತಿರ, ಬೇಗಂಪೇಟೆಯ ಮನೆಯಲ್ಲಿ ಅವನು ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನುಡಿಸುತ್ತಿದ್ದ. ತಲೆಯ ಮೇಲೆ ವಿಮಾನ ಹಾರುವುದನ್ನು ಅರ್ಧ ಆಯುಷ್ಯ ಸಹಿಸಿದ ದತ್ತಾತ್ರೇಯರು, ವಿಮಾನಗಳೆಲ್ಲ ಶಂಷಾಬಾದಿನ ಹೊಸ ನಿಲ್ದಾಣಕ್ಕೆ ಹೋದ ಮೇಲೆ ಮನೆಯೊಳಗೆ ಮತ್ತೊಂದು ಸದ್ದನ್ನು ಸಹಿಸುವವರಿರಲಿಲ್ಲ. ಅಪ್ಪ ಒಳಗೆ ಬಂದರೆ ಮಗ ಗಿಟಾರನ್ನು ಹಾಸಿಗೆಯ ಮೇಲೆ ಮಲಗಿಸಿ ಎದ್ದು ನಿಲ್ಲುತ್ತಿದ್ದ. ಅದನ್ನು ಅವರು ಮರ್ಯಾದೆ ಅಂದುಕೊಂಡಿದ್ದರು.

'ಅವನ ವರ್ಷಾಂತಕದೊಳಗ ಆ ಗಿಟಾರ್ ನುಡಸವ್ರ ಕೈಗೆ ಮುಟ್ಟಸ್ರಿ' ಎಂದಳು ಹೆಂಡತಿ ಅಂಬುಬಾಯಿ. 'ಸುಮ್ನ ಇಟ್ರ ಕಟ್ಟಿಗಿ ಸೊಟ್ಟ ಆಗ್ತದ ಅಂತ ಅವನಽ ಹೇಳತಿದ್ದ. ನಿಮ್ಮ ಚಂದ್ರಕಾಂತ ಹಾಲ್‌ನ್ಯಾಗ ತೂಗ ಹಾಕ್ತೀನಿ ಅಂತಾನ. ಜಿಂಕಿ ತಲಿ ಅದೇನದು, ತೂಗ ಹಾಕಲಿಕ್ಕೆ?'

ಅದಕ್ಕೇ ಜಾಹೀರಾತು. ಗಿಟಾರನ್ನು ಮಗ ತನ್ನ ಕೈಯ ಅಳತೆಗೆ ಹೇಳಿ ಮಾಡಿಸಿದ್ದ. ಅದರ ಮೇಲೆ ಕಂಪನಿಯ ಹೆಸರಿರಲಿಲ್ಲ, ಒಂದಕ್ಷರವೂ ಇರಲಿಲ್ಲ. ದತ್ತಾತ್ರೇಯರು ಅದನ್ನು ಗೋಡೆಗೆ ಆನಿಸಿ ಫೋಟೊ ತೆಗೆದರು. ಇಂಥವು ಹೇಗೆ ಮಾರಾಟವಾಗುತ್ತವೆಂದು ಇಂಟರ್ನೆಟ್ಟಿನಲ್ಲಿ ನೋಡಿದರೆ, ಅಲ್ಲಿನ ಗಿಟಾರುಗಳೆಲ್ಲ ಒಂದು ಕಡೆಗೆ ಮುಖ ಮಾಡಿದ್ದವು, ತಮ್ಮದು ಇನ್ನೊಂದು ಕಡೆಗೆ. ಫೋನಿನ ಹಳೇ ಚಾಳಿ! ಮಗುಚಿ ಸರಿ ಮಾಡಿ ಹಾಕಿದರು. ಕಾಲಿನಿಂದ ಒತ್ತಿ ಸದ್ದು ಬದಲಿಸುವ ಪೆಡಲ್ ಎಂಬ ಕಬ್ಬಿಣದ ಡಬ್ಬಿಗಳೂ ಮಾರಾಟಕ್ಕಿದ್ದವು. ಅವುಗಳ ಫೋಟೊದಲ್ಲಿ ಅಕ್ಷರಗಳು ನೆಟ್ಟಗೇ ಬಂದಿದ್ದವು. ಒಂದೇ ಫೋನು ಗಿಟಾರನ್ನು ಮಾತ್ರ ತಿರುಗಿಸಿ ಡಬ್ಬಿಗಳನ್ನು ಬಿಟ್ಟದ್ದೇಕೆ ಎಂದು ಇನ್ನೊಬ್ಬರು ಯೋಚಿಸುತ್ತಿದ್ದರೇನೋ. ಮೇಲಧಿಕಾರಿಗಳ ಕೈಕೆಳಗೆ ಸೇವೆ ಸಲ್ಲಿಸಿದವರಿಗೆ ಇಂಥ ಪಕ್ಷಪಾತ ಹೊಸದಲ್ಲ.

ಡಬ್ಬಿಗಳ ಪರಿಚಯ ಇದ್ದದ್ದು ಅಂಬುಬಾಯಿಗೆ. 'ಇದು ಬಾವಿ, ಮಾತು ತಿರುಗಿ ಬರ್ತದ. ಇದು ಬೆಕ್ಕು, ಗುರ್ ಅಂತದ. ಇದು ಹಂಡೆ' ಎಂದು ಒಂದೊಂದನ್ನೇ ಸೆರಗಿನಿಂದ ಒರೆಸಿ ಇಟ್ಟಳು. ಇದೆಲ್ಲ ಇವಳಿಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ.

ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ವರ್ಷಾಂತಕದ ಶ್ರಾದ್ಧ ಹತ್ತಿರ ಬಂದಾಗ ಒಂದು ಭಾನುವಾರ ಸಂಯುಕ್ತಾ ಎಂಬ ಹುಡುಗಿ ಬಂದಳು. ಬೀದರ್ ಕಡೆಯವರ ಮಗಳು, ಔಷಧ ಕಂಪನಿಯೊಂದರಲ್ಲಿ ಕೆಲಸ, ತಾನೂ ಬೇಸ್ ನುಡಿಸುವವಳು. ಕನ್ನಡ ಕೇಳಿ ಅಂಬುಬಾಯಿ ಅರ್ಧ ಸೋತಳು. ಉಳಿದರ್ಧ, 'ಕಾಕು, ಬೂಟ್ಸು ಎಲ್ಲಿ ಬಿಡ್ಲಿ?' ಎಂದು ಕೇಳಿದ್ದಕ್ಕೆ.

ಹುಡುಗಿ ಪೆಟ್ಟಿಗೆ ತೆರೆದಳು. ನೋಡಿದಳು. ಪೆಟ್ಟಿಗೆಯನ್ನೇ ತಿರುಗಿಸಿ ಮತ್ತೆ ನೋಡಿದಳು.

'ಕಾಕಾ, ಇದು ಎಡಗೈದು ಐತಿ.'

'ಅಂದ್ರ?'

'ಎಡಚರು ನುಡಸೂದು. ಲೆಫ್ಟಿ.'

'ಅಲ್ಲ ತಂಗಿ, ನೀ ತಲಿಕೆಳಗ ಹಿಡದೀದಿ.'

ಹಿರಿಯರ ಮಾತು ಮೀರಬಾರದೆಂದು ಅವಳು ಅದನ್ನು ಬಲಗೈಯವರಂತೆ ಕೊರಳಿಗೆ ಹಾಕಿಕೊಂಡು ತೋರಿಸಿದಳು. 'ಗುಂಡಿ ಎಲ್ಲಾ ಮ್ಯಾಲೆ ಬಂದ್ವು, ದಪ್ಪ ತಂತಿ ಕೆಳಗ ಹೋತು. ಹಿಂಗ ನುಡಸಬೇಕಂದ್ರ ಸರ್ಕಸ್ ಸೇರಬೇಕಾಗ್ತೈತಿ, ಕಾಕಾ.'

'ಜಾಹೀರಾತಿನ ಚಿತ್ರದಾಗ ಸರಿ ಅದಲ್ಲ?'

'ಚಿತ್ರದಾಗ ಸರಿ ಐತಿ. ಅದಕ್ಕಽ ಬಂದೆ.'

'ಚಿತ್ರ ನಾನಽ ಸರಿ ಮಾಡೇನಿ' ಎಂದರು ದತ್ತಾತ್ರೇಯರು, ಸ್ವಲ್ಪ ಹೆಮ್ಮೆಯಿಂದಲೇ.

ಹುಡುಗಿ ಗಿಟಾರನ್ನು ಕೊರಳಿಂದ ತೆಗೆದು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟಳು. ಅದು ಅವರಿಗೆ ಹಿಡಿಸಲಿಲ್ಲ. 'ನಮ್ಮ ಮನ್ಯಾಗ ಎಡಚರು ಯಾರೂ ಇಲ್ಲ' ಎಂದು, ಕಚೇರಿಯ ಟಿಪ್ಪಣಿಗೆ ಸಹಿ ಹಾಕುವ ದನಿಯಲ್ಲಿ ಸೇರಿಸಿದರು.

ಒಬ್ಬನಿದ್ದ, ಮೂರನೆಯ ಇಯತ್ತೆಯ ತನಕ. ಎಡಗೈಯಿಂದ ಬರೆಯುತ್ತಿದ್ದ, ಎಡಗೈಯಿಂದ ತುತ್ತೆತ್ತುತ್ತಿದ್ದ, ಮಠದಲ್ಲಿ ತೀರ್ಥಕ್ಕೂ ಎಡಗೈಯನ್ನೇ ಒಡ್ಡಿ ಬಂಧುಬಳಗದೆದುರು ಅಪ್ಪನ ಮಾನ ಕಳೆದಿದ್ದ. ದತ್ತಾತ್ರೇಯರು ಅಂಬುಬಾಯಿಯ ಹಳೆ ಸೀರೆಯ ಅಂಚು ಹರಿದು, ಊಟಕ್ಕೆ ಮತ್ತು ಅಭ್ಯಾಸಕ್ಕೆ ಕೂತಾಗ ಆ ಕೈಯನ್ನು ಹುಡುಗನ ಸೊಂಟಕ್ಕೆ ಕಟ್ಟುತ್ತಿದ್ದರು. ಹೊಡೆದವರಲ್ಲ, ಬೈದವರಲ್ಲ, ಕಟ್ಟುತ್ತಿದ್ದರು ಅಷ್ಟೇ. ಮುಂದೆ ಹುಡುಗನ ಬಲಗೈ ಅಕ್ಷರ ಮುತ್ತಿನಂತಾಯಿತು. ತಂದೆಯಾಗಿ ತಾವು ಪೂರಾ ಮಾಡಿ ಮುಗಿಸಿದ ಒಂದೇ ಕೆಲಸವೆಂದರೆ ಅದು ಎಂದು ಅವರು ನಂಬಿದ್ದರು.

'ಅಲ್ಲಿ ನೋಡು' ಎಂದು ಗೋಡೆಯ ಕಡೆ ಕೈ ಮಾಡಿದರು. ಗಂಧದ ಹಾರ ಹಾಕಿದ ಚೌಕಟ್ಟಿನಲ್ಲಿ ವಿಶ್ವಜಿತ್ ನಗುತ್ತ ವೇದಿಕೆಯ ಮೇಲೆ ನಿಂತಿದ್ದ, ಬಲಗೈಯಿಂದ ತಂತಿ ಮೀಟುತ್ತ. ಸತ್ತ ಮೇಲೆ ಅವನ ಗೆಳೆಯರು ಫೋನಿಗೆ ಕಳಿಸಿದ ಚಿತ್ರ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದವರು ಇವರೇ.

ಸಂಯುಕ್ತಾ ಹತ್ತಿರ ಹೋಗಿ ನೋಡಿದಳು. ತಿರುಗಿದಾಗ ಅವಳ ಮುಖ ಬೇರೆಯಾಗಿತ್ತು.

'ಇವ್ರು ಲೆಫ್ಟಿ ವಿಶು ಅಲ್ಲೇನ್ರಿ?' ಮೊದಲ ಸಲ ಅವಳ ಬಾಯಲ್ಲಿ 'ರಿ' ಬಂತು. 'ಹೋದ್ರು ಅಂತ ಗೊತ್ತಿತ್ತು. ಇದು ಅವ್ರ ಮನಿ ಅಂತ ಗೊತ್ತಿರಲಿಲ್ಲ... ಕಾಕಾ, ಈ ಫೋಟೊ ಸುದ್ದಾ ತಿರುಗೇತಿ. ಅಂಗಿ ಕಿಸೆ ಬಲಗಡೆ ಐತಿ ನೋಡ್ರಿ.'

ದತ್ತಾತ್ರೇಯರು ನೋಡಿದರು. ವರ್ಷವಿಡೀ ಕೈ ಮುಗಿದ ಚಿತ್ರ. ಕಿಸೆ ಬಲಗಡೆಗೇ ಇತ್ತು.

'ಜಾಹೀರಾತಿನ್ಯಾಗ ಗಿಟಾರ್ ಸೀದಾ ಹಾಕಿದ್ರಿ ಅಂದ್ರ ಒಂದ ತಾಸಿನ್ಯಾಗ ಊರಿಗೆಲ್ಲಾ ಗುರ್ತು ಸಿಗತಿತ್ತು' ಎಂದಳು ಹುಡುಗಿ. 'ಹೈದರಾಬಾದ್‌ನ್ಯಾಗ ಹಿಂಥಾದು ಇನ್ನೊಂದಿಲ್ಲ.'

ಅಂಬುಬಾಯಿ ಚಹಾ ತಂದಳು. ದತ್ತಾತ್ರೇಯರು ಬಟ್ಟಲು ಮುಟ್ಟದೆ ಅವಳನ್ನೇ ಕೇಳಿದರು: 'ವಿಶು ಎಡಗೈಲೆ ನುಡಸತಿದ್ನೇನು?'

'ಹೂಂ.'

'ನಿನಗ ಗೊತ್ತಿತ್ತು?'

'ಊಟಾನೂ ಎಡಗೈಲೇ ಮಾಡತಿದ್ದ. ಸಣ್ಣಾಂವ ಇದ್ದಾಗಿಂದ. ನೀವು ಆಫೀಸಿನಿಂದ ಬರೂ ತನಕ.'

'ಮತ್ತ ಆ ಫೋಟೊ?'

'ದಿನಾ ಒರಸ್ತೀನಿ. ಯಾರೋ ಬ್ಯಾರೆ ಹುಡುಗನ್ನ ನೋಡಿದ್ಹಾಂಗ ಆಗ್ತದ.'

'ಹೇಳಬೇಕಿಲ್ಲೇನು?'

'ಸರಿ ಮಾಡಿಸಿ ತಂದೀನಿ ಅಂದ್ರಿ ನೀವು' ಎಂದಳು ಅಂಬುಬಾಯಿ. 'ಚಹಾ ಆರ್ತದ.'

ಸಂಯುಕ್ತಾ ಗಿಟಾರನ್ನು ಕೊಳ್ಳಲಾರಳು, ಅವಳದು ಬಲಗೈ. ಬಾವಿ ಡಬ್ಬಿಯನ್ನು ಕೊಂಡಳು, ಚೌಕಾಸಿ ಮಾಡಲಿಲ್ಲ. ಹೋಗುವ ಮುಂಚೆ ತನ್ನ ಫೋನಿನಿಂದ ಗಿಟಾರಿನ ಫೋಟೊ ತೆಗೆದು, ಇದ್ದದ್ದು ಇದ್ದ ಹಾಗೆ, ದತ್ತಾತ್ರೇಯರ ನಂಬರು ಸೇರಿಸಿ ವಾದ್ಯದವರ ಗುಂಪಿಗೂ ಅವರ ಫೋನಿಗೂ ಕಳಿಸಿ, 'ಈ ಫೋಟೊ ಮುಟ್ಟಬ್ಯಾಡ್ರಿ ಕಾಕಾ' ಎಂದು ಮೆಲ್ಲಗೆ ಹೇಳಿ ಹೋದಳು.

ಅಂದಿನಿಂದ ಫೋನು ಬಡಿದುಕೊಳ್ಳತೊಡಗಿತು. ಕೊಳ್ಳುವವರಲ್ಲ. ತೆಲುಗಿನಲ್ಲಿ, ಹಿಂದಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಯಾರು ಯಾರೋ: ವಿಶು ಭಾಯಿಯ ಬೇಸ್ ಕಂಡೆವು, ಅಂಕಲ್, ಮನಸ್ಸು ತಡೆಯಲಿಲ್ಲ. ಎಲ್ಲರೂ ಬಲಗೈಯವರು. ಯಾರಿಗೂ ಗಿಟಾರು ಬೇಕಾಗಿರಲಿಲ್ಲ, ಎಲ್ಲರ ಹತ್ತಿರವೂ ಒಂದೊಂದು ಕಥೆ ಇತ್ತು. ನಾಂಪಲ್ಲಿಯ ನುಮಾಯಿಷ್ ಎಂಬ ವಸ್ತುಪ್ರದರ್ಶನದಲ್ಲಿ ಒಮ್ಮೆ ಕರೆಂಟು ಹೋದಾಗ ಅವನು ಬಾಯಲ್ಲೇ ಬೇಸ್ ನುಡಿಸಿ ಹಾಡು ಮುಗಿಸಿದನಂತೆ. ಡ್ರಮ್ಸ್ ಬಾರಿಸುವವನೊಬ್ಬ ಹಿಂದಿಯಲ್ಲಿ ಹೇಳಿದ: 'ಪ್ರತಿ ಪ್ರೋಗ್ರಾಮಿಗೂ ಮುಂಚೆ ನಿಮ್ಮ ದನಿ ತೆಗೀತಿದ್ದ ಅಂಕಲ್. "ಆವಾಜ್ ಕಮ್ ಮಾಡಪಾ, ನಾ ಏನು ಏರ್‌ಪೋರ್ಟ್‌ನಾಗ ಮಲಗೇನೇನು?" ಅಂತ. ನಮಗೆ ಕನ್ನಡದಲ್ಲಿ ಬರೋದು ಅದೊಂದೇ.' ಅವನು ಆ ಮಾತನ್ನು ಎಷ್ಟು ಸರಿಯಾಗಿ ಅಂದನೆಂದರೆ, ದತ್ತಾತ್ರೇಯರಿಗೆ ತಮ್ಮನ್ನೇ ಫೋನಿನಲ್ಲಿ ಕೇಳಿದಂತಾಯಿತು. ಆಮೇಲೆ ಮಗನನ್ನು ಕೇಳಿದಂತಾಯಿತು. 'ಹೌದೇನು' ಅಂದರು. ಬೇರೆ ಯಾವ ಕಥೆಗೂ ಅವರು ಅಷ್ಟೇ ಅಂದದ್ದು. ತಮ್ಮ ಮನೆಯಲ್ಲೇ ಮೂವತ್ತು ವರ್ಷ ಇದ್ದ ಒಬ್ಬ ನಗೆಗಾರನ ಬಗ್ಗೆ ಪರಸ್ಥಳದವರಿಂದ ತಿಳಿದುಕೊಳ್ಳುವಾಗ ಬೇರೆ ಏನು ಅನ್ನಬೇಕು?

'ನುಡಸವ್ರು ಸಿಕ್ಕರೇನು?' ಎಂದು ಅಂಬುಬಾಯಿ ದಿನಾ ಸಂಜೆ ಕೇಳುತ್ತಿದ್ದಳು. 'ಇಲ್ಲ' ಎಂದು ಇವರು ದಿನಾ ಹೇಳುತ್ತಿದ್ದರು.

ಕೊನೆಗೆ ಸಿಕ್ಕವನು ಅಮೃತಪ್ಪ. ಹುಮನಾಬಾದಿನವನು, ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಮಿಷನ್ನಿನ ಮೇಲೆ ಕೆಲಸ, ರಜೆ ದಿನ ಮದುವೆಗಳ ಆರ್ಕೆಸ್ಟ್ರಾದಲ್ಲಿ ಬೇಸ್. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕನ್ಯೆ ನೋಡಲು ಬಂದವನಂತೆ ಕುರ್ಚಿಯ ಅಂಚಿಗೆ ಕೂತ.

'ನಾ ಹುಟ್ಟಾ ಎಡಚರಿ ಸಾಹೇಬ್ರ' ಎಂದ. 'ಆದ್ರ ಎಡಗೈ ಗಿಟಾರ್ ನಮಗ ಎಲ್ಲಿಂದ ಬರಬೇಕ್ರಿ? ಬಲಗೈದಽ ಬೋರಲ ಹಾಕ್ಕೊಂಡು ಇಷ್ಟ ವರ್ಷ ಹೊಟ್ಟಿ ಹೊರದೀನಿ.'

ಅಂಬುಬಾಯಿ ಮಗನ ಕೋಣೆಯಿಂದ ಸ್ಪೀಕರು ತಂದು, ಹಂಡೆ ಡಬ್ಬಿಯನ್ನೂ ಸೇರಿಸಿ ತಾನೇ ವೈರು ಜೋಡಿಸಿದಳು. ಅಮೃತಪ್ಪ ಗಿಟಾರನ್ನು ಕೊರಳಿಗೆ ಹಾಕಿಕೊಂಡ. ಅದು ಅವನ ಮೈಗೆ ಕೂತ ರೀತಿ ನೋಡಿ ದತ್ತಾತ್ರೇಯರು ಮುಖ ಬೇರೆ ಕಡೆ ಮಾಡಿದರು. ಮೊದಲ ಸ್ವರ ಬಂತು. ಕಿವಿಗಲ್ಲ, ಪಾದಕ್ಕೆ, ನೆಲದಿಂದ ಹತ್ತಿ ಬಂದಂತೆ. ಕಪಾಟಿನ ಗಾಜು ಸಣ್ಣಗೆ ಅದುರಿತು. ಎರಡನೆಯ ಸ್ವರಕ್ಕೆ ಅಮೃತಪ್ಪ ತಡವರಿಸಿದ, ಮೂರನೆಯದಕ್ಕೆ ನಿಂತೇಬಿಟ್ಟ.

'ತಂತಿ ಎಲ್ಲಾ ಅದಲಬದಲ ಆದ್ವು ನೋಡ್ರಿ ನನಗ' ಎಂದು ನಾಚಿಕೊಂಡ. 'ಇದು ಸರಿ ಐತ್ರಿ. ನಾನಽ ತಿರುವುಮುರುವು ಕಲ್ತೀನಿ.'

'ಅಂದ್ರ ಬ್ಯಾಡೇನು?' ದತ್ತಾತ್ರೇಯರ ದನಿ ಅವರು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಇವನು ಎದ್ದು ಹೋದರೆ ಇನ್ನೊಬ್ಬನಿಲ್ಲ. ಉಳಿಯುವುದು ಚಂದ್ರಕಾಂತನ ಗೋಡೆಯೊಂದೇ.

'ಬೇಕ್ರಿ. ಮೊದಲಿಂದ ಕಲೀಬೇಕಾಗ್ತೈತಿ. ಕಲೀತೀನ್ರಿ.' ಅವನು ಗಿಟಾರಿನ ಕುತ್ತಿಗೆಯ ಮೇಲೆ ಕೈಯಾಡಿಸಿದ; ಬೆರಳುಗಳು ಓಡಾಡಿ ಅಲ್ಲಿನ ಕಟ್ಟಿಗೆ ಸವೆದು ನುಣುಪಾಗಿತ್ತು. 'ನಮ್ಮಪ್ಪ ಎಡಗೈ ಮುಂದ ಮಾಡಿದ್ರ ಬಾರಕೋಲು ತಗೀತಿದ್ದ. ಅದಕ್ಕಽ ನಾ ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ. ನಿಮ್ಮ ಮಗಂದು ಹಂಗಲ್ರಿ. ಹಿಂಥಾದು ಹೇಳಿ ಮಾಡಿಸ್ಕೋಬೇಕಂದ್ರ, ಸಣ್ಣಂದಿನಿಂದ ಆ ಕೈಗೆ ಯಾರೂ ಅಡ್ಡ ಬಂದಿರಬಾರದು. ಹಿಂಥಾ ತಂದಿ ತಾಯಿ ಸಿಗಾಕ ಪುಣ್ಯ ಮಾಡಿರಬೇಕ್ರಿ ಸಾಹೇಬ್ರ.'

ದತ್ತಾತ್ರೇಯರು ಹೆಂಡತಿಯ ಕಡೆ ನೋಡಿದರು. ಅಂಬುಬಾಯಿ ಹಂಡೆ ಡಬ್ಬಿಯ ಗುಂಡಿ ತಿರುಗಿಸುತ್ತಿದ್ದಳು, ತಲೆ ಎತ್ತಲಿಲ್ಲ.

'ಹೌದಪಾ' ಎಂದಳು. 'ನಮ್ಮ ಮನ್ಯಾಗ ಯಾರೂ ಅಡ್ಡ ಬರಲಿಲ್ಲ.'

ಕರುಣೆಯೋ ಶಿಕ್ಷೆಯೋ, ಅವರಿಗೆ ತಿಳಿಯಲಿಲ್ಲ. ಇಷ್ಟು ಕಾಲದ ಸಂಸಾರದಲ್ಲಿ ಅವಳ ಮಾತಿನ ಅರ್ಥ ತಮಗೆ ಗೊತ್ತೆಂದೇ ನಡೆದುಕೊಂಡು ಬಂದಿದ್ದರು.

ಅಮೃತಪ್ಪ ಮತ್ತೆ ಬಗ್ಗಿದ. ಮದುವೆಮನೆಗಳಲ್ಲಿ ನುಡಿಸುವ ಯಾವುದೋ ಹಾಡನ್ನು ಹೊಸ ಕೈಯಲ್ಲಿ ಹುಡುಕತೊಡಗಿದ. ಒಂದು ತಪ್ಪು, ಇನ್ನೊಂದು ತಪ್ಪು, ಆಮೇಲೆ ನೆಲದೊಳಗಿನಿಂದ ಎದ್ದು ಬಂದಂಥ, ಎಳೆದಷ್ಟೂ ಮುಗಿಯದ ಒಂದು ಸ್ವರ. ಮಗುವಿನಂತೆ ಮುಖ ಎತ್ತಿದ.

'ಬಂತಲ್ರಿ ಸಾಹೇಬ್ರ? ಅವ್ರು ನುಡಸ್ದಂಗಽ ಬಂತೇನ್ರಿ?'

ಮಗ ನುಡಿಸಿದ್ದನ್ನು ಒಮ್ಮೆಯೂ ಕೂತು ಕೇಳದ ದತ್ತಾತ್ರೇಯರು ತಮ್ಮ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು.

'ಇನ್ನೊಮ್ಮೆ ನುಡಸು' ಎಂದರು.