ಕಡತಗಳ ಹಿಂದಿನ ಮೆಟ್ಟಿಲು

"ಮೆಟ್ಟಿಲು ಎಲ್ಲಣ್ಣಾ?" ಆಫೀಸಿನ ಮೇಜಿನ ಮೇಲೆ ಅಣ್ಣ ಹರಡಿದ ಹೊಸ ಕಟ್ಟಡದ ನಕ್ಷೆಯ ಮೇಲೆ ಕೆಂಪು ಪೆನ್ಸಿಲ್ ಆಡಿಸುತ್ತ ತಂಗಿ ಕೇಳಿದಳು.

"ಇದೆಯಲ್ಲೇ, ಲಿಫ್ಟಿನ ಹಿಂದೆ, ಕಸದ ಕೋಣೆ ಪಕ್ಕ. ಮೆಟ್ಟಿಲೇನು ಮದುಮಗಳಾ, ಎದುರಿಗೆ ತಂದು ಕೂರಿಸೋಕೆ?"

ಅಣ್ಣನದು ಕಟ್ಟಡ ಕಟ್ಟಿಸುವ ಕೆಲಸ, ತಂಗಿಯದು ನಗರಸಭೆಯಲ್ಲಿ ನಕ್ಷೆ ಪರಿಶೀಲಿಸುವ ಕೆಲಸ. ಹೊಸ ಕಾಯಿದೆ ಬಂದು ಮೂರು ತಿಂಗಳಾಗಿತ್ತು: ಒಳಗೆ ಬಂದವರ ಕಣ್ಣಿಗೆ ಲಿಫ್ಟಿಗಿಂತ ಮೊದಲು ಮೆಟ್ಟಿಲು ಬೀಳಬೇಕು, ಅದಕ್ಕೆ ಕಿಟಕಿ ಇರಬೇಕು, ಜನ ನಾಲ್ಕು ಹೆಜ್ಜೆ ಹತ್ತಲಿ ಅಂತ. ಹಾಗೆ ಮಾಡಿದರೆ ಮುಂಭಾಗದ ಅಂಗಡಿ ಹೋಗುತ್ತಿತ್ತು. ಆ ಅಂಗಡಿಯನ್ನು ಅವನು ಆಗಲೇ ಹೆಂಡತಿಯ ತಮ್ಮನಿಗೆ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು.

"ಸಹಿ ಹಾಕೇ. ನಿಮ್ಮತ್ತಿಗೆಗೆ ಮುಖ ತೋರಿಸಬೇಕು ನಾನು."

"ಆಗಲ್ಲಣ್ಣ."

"ಹಾಗಾದ್ರೆ ನಿಮ್ಮ ಆಫೀಸಿನ ಮೆಟ್ಟಿಲು ಎಲ್ಲಿದೆ, ಹೇಳು."

ಅವಳು ಕಾರಿಡಾರಿನತ್ತ ಕತ್ತು ಚಾಚಿ ನೋಡಿದಳು. ಹನ್ನೊಂದು ವರ್ಷದಿಂದ ಈ ನಾಲ್ಕನೇ ಮಹಡಿಗೆ ಲಿಫ್ಟಿನಲ್ಲೇ ಬಂದವಳು. ಊರಿನ ಮೆಟ್ಟಿಲುಗಳ ಅಳತೆಯೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು, ದೀಪದ ಬುಡದಲ್ಲಿ ಮಾತ್ರ ಕತ್ತಲೆ. ನಾಚಿಕೆಯಾಯಿತು ನಿಜ. ಅದಕ್ಕಿಂತ ಹೆಚ್ಚಾಗಿ, ಎಲ್ಲಿರಬಹುದು ಎಂಬ ಕುತೂಹಲ ಹುಟ್ಟಿತು.

"ಬಾ, ಹುಡುಕೋಣ," ಎಂದು ಎದ್ದಳು.

ಕಾರಿಡಾರಿನ ಬಾಗಿಲುಗಳನ್ನೆಲ್ಲ ತೆರೆದು ನೋಡಿದ್ದಾಯಿತು. ಒಂದರೊಳಗೆ ಪೊರಕೆ, ಇನ್ನೊಂದರೊಳಗೆ ಮುರಿದ ಕುರ್ಚಿಗಳು. ಕೊನೆಗೆ ಮುದಿ ಜವಾನ ನಕ್ಕ. "ಮೆಟ್ಟಿಲಾ ಮೇಡಂ? ನಾನು ದಿನಾ ಅದರಲ್ಲೇ ಬರ್ತೀನಲ್ಲ!" ಎಂದವನೇ ಕಡತಗಳ ಬೀರುವಿನ ಹಿಂದೆ ಓರೆಯಾಗಿ ನುಸುಳಿ ಒಂದು ಬಾಗಿಲು ತಳ್ಳಿದ.

ಪ್ರತಿ ಮೆಟ್ಟಿಲಿನ ಮೇಲೂ ಹಳೆಯ ನಕ್ಷೆಗಳ ಕಟ್ಟುಗಳು. ನಡುವೆ ಒಬ್ಬ ಮನುಷ್ಯ ಇಳಿಯುವಷ್ಟು ಜಾಗವನ್ನು ಮಾತ್ರ ಯಾರೋ ಗುಡಿಸಿಟ್ಟಿದ್ದರು. ತಿರುವಿನಲ್ಲಿ ಆಳೆತ್ತರದ ಕಿಟಕಿ. ಅಣ್ಣ ಹೊಟ್ಟೆ ಒಳಗೆಳೆದುಕೊಂಡು ಅಲ್ಲಿವರೆಗೆ ಇಳಿದು, ಗಾಜಿಗೆ ಹಣೆ ಹಚ್ಚಿದ.

"ಲೇ, ಇಲ್ಲಿಂದ ನಮ್ಮ ಸೈಟು ಕಾಣುತ್ತೆ ಕಣೇ! ಅಲ್ಲಿ ಕಿಟಕಿ ಇಟ್ರೆ ಇದೂ ಕಾಣಬಹುದಾ?"

"ಇಟ್ಟು ನೋಡು."

ಮೇಜಿಗೆ ಮರಳಿ ಅವಳು ಎರಡು ನೋಟಿಸು ಬರೆದಳು. 'ಮೆಟ್ಟಿಲು ಕಾಣುವುದಿಲ್ಲ' ಎಂಬ ಸಾಲು ಎರಡರಲ್ಲೂ ಒಂದೇ. ಒಂದನ್ನು ಅಣ್ಣನ ಕೈಗಿತ್ತಳು. ಇನ್ನೊಂದರ ಮೇಲೆ ತನ್ನ ಆಫೀಸಿನದೇ ವಿಳಾಸವಿತ್ತು. ಅದನ್ನು ಮೇಲಧಿಕಾರಿಯ ಟ್ರೇಗೆ ಹಾಕಿದಳು.

ಅಣ್ಣ ಎರಡನ್ನೂ ನೋಡಿದ. "ಬೈಸಿಕೊಳ್ಳೋದು ನಮ್ಮ ವಂಶಕ್ಕೇ ಬಂದಿದೆ ಬಿಡು," ಎಂದು ನಕ್ಷೆ ಸುತ್ತಿಕೊಂಡು ಹೊರಟ.

ಲಿಫ್ಟಿನ ಗುಂಡಿ ಒತ್ತಿದ. ಬಾಗಿಲು ತೆರೆಯಿತು. ಅವನು ಒಳಗೆ ಹೋಗಲಿಲ್ಲ, ವಾಪಸ್ ಬಂದು ಬೀರುವಿನ ಹಿಂದೆ ನುಸುಳಿದ. ತಂಗಿ ಪೆನ್ಸಿಲ್ ಹಿಡಿದೇ ಕಿವಿಗೊಟ್ಟಳು. ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಿ, ಕಿಟಕಿಯ ಹತ್ತಿರ ನಿಂತಿತು.