ತಲುಪಿದೆ

ಅವಳೇ. ಕೂದಲು ಕತ್ತರಿಸಿಕೊಂಡಿದ್ದಾಳೆ, ಅಷ್ಟೇ.

ಮಂಗೇಶ ಕಂಬದ ಮರೆಯ ಕುರ್ಚಿಗೆ ಸರಿದು ಕೂತ. ಅಂಥ ಕುರ್ಚಿಯೊಂದು ಎಲ್ಲ ಸಭೆಗಳಲ್ಲೂ ಅವನಿಗಾಗಿಯೇ ಖಾಲಿ ಇರುತ್ತಿತ್ತು. ವೇದಿಕೆಯ ಮೇಲೆ ಸಪ್ನಾ ತನ್ನ ಫೋನಿಗೆ ವೈರು ಸಿಕ್ಕಿಸುತ್ತಿದ್ದಳು. ಹಿಂದಿನ ಬಿಳಿ ಪರದೆ ಒಮ್ಮೆ ಮಿನುಗಿ, ಆ ಫೋನಿನ ಒಳಗನ್ನೆಲ್ಲ ಗೋಡೆಯಷ್ಟು ದೊಡ್ಡದಾಗಿ ಬಿಚ್ಚಿಟ್ಟಿತು. ಅವನು ಕಣ್ಣು ತಗ್ಗಿಸಿದ. ಬೇರೆಯವರ ಮನೆಯ ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ನೋಡಿದಂತಾಯಿತು. ಮತ್ತೆ ತಲೆಯೆತ್ತುವಷ್ಟರಲ್ಲಿ ಅವಳು ತಾನು ತೋರಿಸಬೇಕಾದ ಆ್ಯಪ್ ತೆರೆದಾಗಿತ್ತು. ಉಳಿದ ಯಾವ ಆ್ಯಪ್‌ಗಳು ಅದರಲ್ಲಿದ್ದವು, ಯಾವುದು ಇರಲಿಲ್ಲ ಎಂದು ನೋಡುವ ಅವಕಾಶ ತಪ್ಪಿಹೋಯಿತು.

ಕಾರವಾರದ ಕಡಲ ಬದಿಯ ಹೋಟೆಲು. ಆ್ಯಪ್ ತಯಾರಿಸುವವರ ಸಮ್ಮೇಳನ. ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಯಿಂದ ಬಂದವರು ಕೊರಳಿಗೆ ಹೆಸರಿನ ಚೀಟಿ ತೂಗಿಸಿಕೊಂಡಿದ್ದರು. ಮೊದಲು ಎದೆ ಓದಿ, ಆಮೇಲೆ ಬೇಕೆನ್ನಿಸಿದರೆ ಮುಖ ನೋಡುತ್ತಿದ್ದರು. ಬೆಳಗಿನಿಂದ ಯಾರು ಏನು ಮಾತಾಡಿದರೂ, ಇದನ್ನು ಹಗಲಿನ ಕಾಲೇಜಿನಲ್ಲಿ ಕಲಿಸಿರಬೇಕು ಎಂದೇ ಮಂಗೇಶನಿಗೆ ಅನ್ನಿಸುತ್ತಿತ್ತು. ಅವನು ಹಗಲು ಮೊಬೈಲ್ ರಿಪೇರಿ ಮಾಡಿ ಸಂಜೆ ಕ್ಲಾಸಿನಲ್ಲಿ ಓದಿದವನು.

"ಮುಂದೆ ಬಾ ಮಾರಾಯ," ಅವನ ಯಜಮಾನ ಹರೀಶ ಬಗ್ಗಿ ಪಿಸುಗುಟ್ಟಿದ. "ನಮ್ಮ ಆ್ಯಪ್ ಮಾಡಿದವ್ನೇ ಕಂಬದ ಹಿಂದೆ ಕೂತ್ರೆ ಜನ ಎಂತ ತಿಳ್ಕಂತಾರೆ?"

"ಇಲ್ಲಿಂದ ಚಲೋ ಕಾಣ್ತದೆ ಸರ್."

"ಎಂತದು? ಕಂಬವಾ?"

ಹರೀಶ ಹೋದ. ಮಂಗೇಶ ಮಡಿಲಲ್ಲಿದ್ದ ಲ್ಯಾಪ್‌ಟಾಪ್ ತೆರೆದ.

ಅವರ ಆ್ಯಪಿನ ಹೆಸರು ಮೀನಬುಟ್ಟಿ. ಬಂದರಿಗೆ ಯಾವ ಮೀನು ಬಂತೆಂದು ಮಾರುವ ಹೆಂಗಸರು ಅದರಲ್ಲಿ ಹಾಕಿದರೆ ಕಾರವಾರ, ಅಂಕೋಲೆಯ ಮನೆಮನೆಯ ಫೋನು ಗುಂಯ್ ಎನ್ನುತ್ತಿತ್ತು. ಬೇಕಾದವರು ಅದರಲ್ಲೇ ಉತ್ತರ ಬರೆಯುತ್ತಿದ್ದರು. ಕಟ್ಟಿದವರು ಇಬ್ಬರು, ಅವನು ಮತ್ತು ಸಪ್ನಾ, ಅಕ್ಕಪಕ್ಕದ ಮೇಜಿನಲ್ಲಿ. ಏನನ್ನಾದರೂ ಬದಲಿಸಿದಾಗ, ಊರಿಗೆ ಬಿಡುವ ಮುಂಚೆ, ತಮ್ಮಿಬ್ಬರ ಫೋನಿಗೆ ಮಾತ್ರ ಒಂದು ಪರೀಕ್ಷಾ ಸಂದೇಶ ಕಳಿಸಿ ನೋಡುವುದು ಕೆಲಸದ ಕ್ರಮ. ಮೊದಲ ಸಲ ಏನು ಬರೆಯಬೇಕೆಂದು ತೋಚದೆ ಅವನು ಬರೆದಿದ್ದ: "ಚಾ ಆಯ್ತನೇ?"

ಪಕ್ಕದ ಮೇಜಿನವಳು ಮುಖ ತಿರುಗಿಸದೆ ಉತ್ತರ ಒತ್ತಿದ್ದಳು: "ಇಲ್ಲ. ನಡಿ."

ಆಮೇಲೆ ಎಲ್ಲ ಪರೀಕ್ಷೆಗೂ ಅದೇ ಸಾಲು, ಅದೇ ಉತ್ತರ, ಅದೇ ಗೂಡಂಗಡಿ. ಆಮೇಲೆ ಸಪ್ನಾಳಿಗೆ ಪಣಜಿಯಲ್ಲಿ ಕೆಲಸ ಸಿಕ್ಕಿತು.

ಬಿಟ್ಟುಹೋದವರ ಫೋನನ್ನು ಪರೀಕ್ಷೆಯ ಗುಂಪಿನಿಂದ ತೆಗೆಯಬೇಕು. ನಿಯಮಗಳ ವಿಷಯದಲ್ಲಿ ಮಂಗೇಶ ಬಹಳ ಕಟ್ಟುನಿಟ್ಟು, ಇದೊಂದನ್ನು ಬಿಟ್ಟು. ಅವನು ಕಳಿಸುತ್ತಲೇ ಇದ್ದ. ಅವಳ ಹೆಸರಿನೆದುರು ಪ್ರತಿ ಸಲವೂ ಹಸಿರು ಅಕ್ಷರದಲ್ಲಿ 'ತಲುಪಿದೆ' ಎಂದು ಮೂಡುತ್ತಿತ್ತು. ಉತ್ತರ ಬರುತ್ತಿರಲಿಲ್ಲ. ಆದರೆ ತಲುಪುತ್ತಿತ್ತಲ್ಲ. ಹೀಗಾಗಿ, ಏನನ್ನೂ ಬದಲಿಸದ ದಿನವೂ ಪರೀಕ್ಷೆ ನಡೆಯತೊಡಗಿತು. ಅವರ್ಸಾದಿಂದ ಬರುವ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಅವಳು ಅದನ್ನು ಓದುವ ಹೊತ್ತನ್ನು ಅವನು ಊಹಿಸಿಕೊಳ್ಳುತ್ತಿದ್ದ. ನಗುತ್ತಾಳೆಯೇ? ಹಲ್ಲು ಕಚ್ಚುತ್ತಾಳೆಯೇ? ಫೋನು ಮಾಡಿ ಕೇಳಬಹುದಿತ್ತು. ಫೋನು ಮಾಡಿದರೆ ಏನಾದರೂ ಹೇಳಬೇಕಾಗುತ್ತದೆ.

ಇವತ್ತು ಕಣ್ಣಾರೆ ನೋಡಬಹುದು.

ವೇದಿಕೆಯಲ್ಲಿ ಸಪ್ನಾ ಮಾತಾಡುತ್ತಿದ್ದಳು. ಅವಳ ಇಂಗ್ಲಿಷಿಗೆ ಈಗ ಹೊಳಪು ಬಂದಿತ್ತು. ನಡುವೆ ಪರದೆಯ ನೆತ್ತಿಯಿಂದ ಒಂದು ಸಂದೇಶ ಇಳಿಯಿತು. ಅವಳು ತರಿಸಿಕೊಂಡ ಚಪ್ಪಲಿ ಇವತ್ತು ಮನೆಗೆ ಬರಲಿದೆ ಎಂದು. ಸಭೆ ನಕ್ಕಿತು. "ಸಾರಿ, ಸೈಜು ಮಾತ್ರ ಕೇಳ್ಬೇಡಿ," ಎಂದು ಅವಳೂ ನಕ್ಕಳು.

ಅಂದರೆ ಬಂದದ್ದೆಲ್ಲ ಪರದೆಯ ಮೇಲೆ ಬೀಳುತ್ತದೆ.

ಮಂಗೇಶ ಕೀಬೋರ್ಡಿನ ಮೇಲೆ ಬೆರಳಿಟ್ಟ. ಇಷ್ಟು ಜನರ ಮುಂದೆ ಆ ಸಾಲು ಇಳಿದರೆ? ಇಳಿಯಲಿ. ಮತ್ತೊಂದು ಚಪ್ಪಲಿ ಎಂದುಕೊಳ್ಳುತ್ತಾರೆ. ಅವಳೊಬ್ಬಳಿಗೆ ಗೊತ್ತಾಗುತ್ತದೆ. ಅವಳ ಮುಖದಲ್ಲಿ ಆಗ ಏನು ಹಾದುಹೋಗುತ್ತದೋ ಅದಿಷ್ಟು ಸಾಕು. ಅದರ ಬಲದ ಮೇಲೆ ಇನ್ನೊಂದಿಷ್ಟು ವರ್ಷ ಕಳೆಯಬಹುದು. ಅವನು ಸಾಲು ಬರೆದು ಗುಂಡಿ ಒತ್ತಿದ.

ಪಕ್ಕದವನ ಜೇಬು ಗುಂಯ್ ಎಂದಿತು. ಮುಂದಿನ ಸಾಲು. ಅದರ ಮುಂದಿನದು. ಬಾಗಿಲಲ್ಲಿ ನೀರಿನ ತಟ್ಟೆ ಹಿಡಿದು ನಿಂತಿದ್ದ ವೇಟರ್ ಸೊಂಟ ಮುಟ್ಟಿ ನೋಡಿಕೊಂಡ. ಇಡೀ ಹಾಲ್ ಜೇನುಗೂಡಿನಂತೆ ಗುನುಗಿತು. ಪರದೆಯೊಂದು ಮಾತ್ರ ಸುಮ್ಮನೆ ಇತ್ತು.

ಮಂಗೇಶ ಪರದೆಯನ್ನೇ ನೋಡುತ್ತಿದ್ದ. ಏನೂ ಇಳಿಯಲಿಲ್ಲ.

ಆಮೇಲೆ ಮಡಿಲನ್ನು ನೋಡಿದ. ಬೆಳಿಗ್ಗೆ ಹರೀಶನ ಮಾತಿಗೆ ಮೀನಬುಟ್ಟಿಯ ಗಿರಾಕಿಗಳಿಗೆಲ್ಲ ಸಮ್ಮೇಳನದ ಸುದ್ದಿ ಕಳಿಸಿದ್ದ. ಬಂದವರಿಂದಲೂ ಹರೀಶ ಬಾಗಿಲಲ್ಲೇ ಆ್ಯಪ್ ಹಾಕಿಸಿದ್ದ. ಯಾರಿಗೆ ಕಳಿಸಬೇಕೆಂಬ ಜಾಗದಲ್ಲಿ 'ಎಲ್ಲರಿಗೂ' ಎಂಬುದನ್ನು ಮತ್ತೆ 'ಪರೀಕ್ಷೆ'ಗೆ ಬದಲಿಸಿರಲಿಲ್ಲ.

"ಚಾ ಆಯ್ತನೇ?" ಮುಂದಿನ ಸಾಲಿನ ಒಬ್ಬ ಗಟ್ಟಿಯಾಗಿ ಓದಿದ. "ಇಲ್ಲ ಮಾರಾಯ್ರೇ, ಭಾಷಣ ಮುಗಿಸಿದ್ರೆ ಕೊಡ್ತಾರಂತೆ!"

ಸಭೆ ಹೊರಳಾಡಿ ನಕ್ಕಿತು. ಸಪ್ನಾಳೂ ನಕ್ಕಳು. ನಗುವಿನ ನಡುವೆ ತಡೆದು, ಕಣ್ಣಿನಲ್ಲೇ ಸಾಲು ಸಾಲು ಹುಡುಕಿದಳು. ಆ ನೋಟ ಕಂಬದವರೆಗೆ ಬಂದು ನಿಂತಿತು.

ಮಡಿಲಲ್ಲಿ ಉತ್ತರಗಳು ಏರಿ ಬರುತ್ತಿದ್ದವು. ಹಣಕೋಣದಿಂದ: "ಆಯ್ತು. ಬಾಂಗಡೆ ಉಂಟಾ?" ಅಂಕೋಲೆಯಿಂದ: "ಯಾರಾ ನೀನು? ನನ್ನ ಹೆಂಡ್ತಿ ಫೋನಿಗೆ ಎಂತಕ್ಕೆ ಹಾಕಿದಿ?" ರಾಮನಗುಳಿಯಿಂದ: "ಇಲ್ಲ. ಕೇಳುವವರೂ ಇರಲಿಲ್ಲ."

ಚಾಕ್ಕೆ ಸಭೆ ಬಿಟ್ಟಾಗ ಸಪ್ನಾ ಕಪ್ಪು ಹಿಡಿದು ನೇರ ಅವನ ಹತ್ತಿರ ಬಂದಳು.

"ಎಂತ ರೇ ಮಂಗೇಶ. ನೀನೇ ಅಲ್ವಾ?"

"ಟೆಸ್ಟ್ ಇತ್ತು. ಗುಂಪು ಬದಲ್ಸೂದು ಮರ್ತೋಯ್ತು."

"ಇನ್ನೂ ಅದೇ ಸಾಲಾ?"

"ಬದಲ್ ಮಾಡ್ಬೇಕು. ಟೈಮೇ ಸಿಗ್ಲಿಲ್ಲ."

ಅವಳು ಚಾ ಊದಿದಳು. "ಮೀನಬುಟ್ಟಿ ಇದ್ದ ಆ ಫೋನು ಆಯಿಗೆ ಕೊಟ್ಟುಬಿಟ್ಟೆ ರೇ, ಸದಾಶಿವಗಡದಲ್ಲಿ. ಯಾರೋ ಚಾ ಆಯ್ತಾ ಕೇಳ್ತಾ ಇರ್ತಾರೆ ಅಂತ ಹೇಳ್ತಿದ್ಳು. ಜಾಹೀರಾತು ಇರ್ಬೇಕು ಅಂದೆ ನಾನು."

"ಹೌದು. ಹಾಂಗೇ ಅದು."

"ಬರ್ಯೂಕೆ ಬರೂದಿಲ್ಲ ಅವ್ಳಿಗೆ. ಬಾಯಲ್ಲೇ ಹೇಳ್ತಾಳೆ ಫೋನಿಗೆ. ಆಯ್ತು ಮಗಾ, ನಿಂದು ಆಯ್ತಾ ಅಂತ."

ಅವಳು ನಕ್ಕಳು. ಅವನೂ ನಕ್ಕ, ಸ್ವಲ್ಪ ತಡವಾಗಿ. ಅವಳ ನಗು ಮುಗಿದ ಮೇಲೂ ಅವನದು ಉಳಿದುಬಿಟ್ಟಿತು.

"ಯಾರಿಗೆ ಕಳಸ್ತಿದ್ದಿ ಅದು?" ಸಪ್ನಾ ಕೇಳಿದಳು.

ಅವಳು ಈಗ ನಗುತ್ತಿರಲಿಲ್ಲ. ಉತ್ತರ ಅವನ ಬಾಯಲ್ಲೇ ಇತ್ತು, ಎರಡೇ ಅಕ್ಷರ. ಅವನು ಅವಳ ಕಪ್ಪಿನ ಅಂಚನ್ನು ನೋಡಿದ.

"ಟೆಸ್ಟ್ ಗುಂಪಿಗೆ."

"ಗುಂಪಿನಲ್ಲಿ ಯಾರ್ಯಾರು?"

"ಹಳೇ ಫೋನುಗಳು."

ಅವಳು ಕಪ್ಪನ್ನು ಬಾಯಿಂದ ಕೆಳಗಿಳಿಸಿದಳು. "ಒಂದು ಫೋನಾದ್ರೂ ಮಾಡ್ಬಹುದಿತ್ತು ನೀನು."

"ಮಾಡ್ತೆ."

"ಯಾವಾಗ?"

ಯಾರೋ ಅವಳ ಹೆಸರು ಕೂಗಿದರು. ಅವಳು ಅರ್ಧ ಕುಡಿದ ಚಾ ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು.

ಹರೀಶ ಬಂದ. ಕಿವಿ ಕೆಂಪಾಗಿತ್ತು. "ಮಾಫಿ ಕೇಳಿ ಹಾಕು. ಎಲ್ಲರಿಗೂ. ಅಂಕೋಲೆಯವ ಒಬ್ಬ ನನಗೇ ಫೋನು ಮಾಡಿ ಬೈದ ಮಾರಾಯ."

ಮಂಗೇಶ ಬರೆದ: "ಹಿಂದಿನ ಸಂದೇಶ ಯಾರನ್ನೂ ಉದ್ದೇಶಿಸಿದ್ದಲ್ಲ. ದಯವಿಟ್ಟು ಕಡೆಗಣಿಸಿ." ಕಾಗುಣಿತ ನೋಡಿದ. ಯಾರಿಗೆ ಹೋಗುತ್ತದೆಂದು ಮತ್ತೆ ಮತ್ತೆ ನೋಡಿ ಒತ್ತಿದ. ಎಲ್ಲರಿಗೂ ತಲುಪಿತು. ಸದಾಶಿವಗಡದ ಮನೆಯಲ್ಲಿ ಸಪ್ನಾಳ ತಾಯಿಯೂ ಫೋನು ಕೈಗೆತ್ತಿಕೊಂಡಿರಬೇಕು. ಇದಕ್ಕೆ ಬಾಯಲ್ಲಿ ಏನು ಉತ್ತರ ಹೇಳಿದಳೋ.

ಅವನು ಹೊರಗೆ ಬಂದ. ರಸ್ತೆ ದಾಟಿದರೆ ಮರಳು. ಅಲ್ಲಿ ಮೀನುಗಾರರು ಏಂಡಿ ಬಲೆಯನ್ನು ನೀರಿನಿಂದ ದಂಡೆಗೆ ಎಳೆಯುತ್ತಿದ್ದರು. ಎರಡು ಹಗ್ಗ, ಎರಡು ಸಾಲು ಜನ. ಬಲೆ ಇನ್ನೂ ನೀರಿನೊಳಗೇ ಇತ್ತು. ಹೆಂಗಸೊಬ್ಬಳು ಹಗ್ಗ ಬಿಡದೆ ಅವನತ್ತ ತಿರುಗಿದಳು.

"ಏ ಸಾಯೇಬಾ! ನೋಡೂದು ಪುಕ್ಕಟೆ ಅಲ್ಲ. ಕೈ ಹಾಕು!"

"ಬಿಡೇ ದುರ್ಗಿ, ಅಂಗಿ ಇಸ್ತ್ರಿ ಹೋಗ್ತದೆ ಅವ್ರದು," ಎಂದ ಹಿಂದಿನವ.

ಮಂಗೇಶ ಬೂಟು ಕಳಚಿ ಹಗ್ಗ ಹಿಡಿದ. ಅವರ್ಸಾದ ದಂಡೆಯಲ್ಲಿ ಅವನ ಅಪ್ಪ ಎಳೆದದ್ದೂ ಇಂಥದೇ ಹಗ್ಗ. ಹಿಮ್ಮಡಿ ಎಲ್ಲಿ ಊರಬೇಕೆಂದು ಕಾಲಿಗೆ ನೆನಪಿತ್ತು. ಅಂಗೈ ಮಾತ್ರ ಎರಡೇ ಎಳೆತಕ್ಕೆ ಸುಲಿಯಿತು. ಕೊರಳ ಚೀಟಿ ಬೆನ್ನಿಗೆ ಹೋಗಿ ತೂಗುತ್ತಿತ್ತು.

"ಯಾವೂರು?" ದುರ್ಗಿ ಕೇಳಿದಳು.

"ಸಮ್ಮೇಳನಕ್ಕೆ ಬಂದದ್ದು."

ಬಲೆ ದಂಡೆಗೆ ಬಂತು. ತಾರ್ಲೆ ಮೀನು, ಒಂದಿಷ್ಟು ಏಡಿ, ಪ್ಲಾಸ್ಟಿಕ್ಕು. ಹಗ್ಗಕ್ಕೆ ಕೈ ಹಾಕಿದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಅಲ್ಲಿಲ್ಲ. ದುರ್ಗಿ ಅವನ ಪಾಲು ಬಾಚಿಕೊಂಡು ಬಂದಳು.

"ಚೀಲ ಇಲ್ಲ," ಎಂದ ಮಂಗೇಶ.

"ಕೈ ಇಲ್ವಾ?"

ಅವನು ಎರಡೂ ಕೈ ಒಡ್ಡಿದ. ಅವಳು ಬೊಗಸೆ ತುಂಬ ಸುರಿದು ಹೋದಳು.

ಆಗ ಪ್ಯಾಂಟಿನ ಜೇಬಿನಲ್ಲಿ ಫೋನು ಅದುರತೊಡಗಿತು. ಸಂದೇಶವಲ್ಲ, ಕರೆ. ಹರೀಶನಿರಬಹುದು. ಅಂಕೋಲೆಯ ಗಂಡನಿರಬಹುದು. ಸಪ್ನಾಳೂ ಇರಬಹುದು. ಮೀನನ್ನು ಮರಳಿಗೆ ಚೆಲ್ಲಿದರೆ ಫೋನು ತೆಗೆಯಬಹುದಿತ್ತು. ದುರ್ಗಿ ಅಲ್ಲಿಂದಲೇ ನೋಡುತ್ತಿದ್ದಳು. ಫೋನು ನಿಂತಿತು. ಮತ್ತೆ ಶುರುವಾಯಿತು. ಮಂಗೇಶ ನೀರಿಗೂ ರಸ್ತೆಗೂ ನಡುವೆ, ಕೈ ಮುಂದೆ ಚಾಚಿ ನಿಂತೇ ಇದ್ದ.

ಜೇಬಿನಲ್ಲಿ ಫೋನು ಅದುರುತ್ತಲೇ ಇತ್ತು. ಬೊಗಸೆಯಲ್ಲಿ ಮೀನುಗಳು ಒಂದೊಂದಾಗಿ ಅದುರುವುದನ್ನು ನಿಲ್ಲಿಸುತ್ತಿದ್ದವು.