ಹಲಸಿನ ಮರದಡಿ ದಿಢೀರ್ ದೇವರು

ಸಿ.ಎಸ್. ಪುರದ ಹತ್ತಿರದ ನಮ್ಮೂರಿಗೆ ಬಸ್ಸು ಬರುತ್ತಿರಲಿಲ್ಲ. ರಸ್ತೆ ಅಷ್ಟು ಕಿರಿದು. ಎದುರಿಗೆ ಎಮ್ಮೆ ಬಂದರೆ ಆಟೋನೇ ಹಿಂದೆ ಹೋಗಬೇಕು. ಎಮ್ಮೆಗೆ ರಿವರ್ಸ್ ಗೇರ್ ಇಲ್ಲವಲ್ಲ!

ಕೊನೆಗೂ ರಸ್ತೆ ಅಗಲ ಮಾಡಲು ಸರ್ವೆಯವರು ಬಂದು ಗೂಟ ನೆಟ್ಟರು. ರಸ್ತೆ ಪಕ್ಕದ ಹೊಲದ ರುದ್ರಯ್ಯನ ಅವ್ವ ನೆಟ್ಟಿದ್ದ ಹಲಸಿನ ಮರ ಗೂಟದೊಳಗೆ ಸಿಕ್ಕಿಕೊಂಡಿತು. ಊರಿಗೆ ಅಗಲೀಕರಣ, ರುದ್ರಯ್ಯನಿಗೆ ಮರದ ಅಗಲಿಕೆ.

"ದೊಡ್ಡಪ್ಪ, ಗ್ರಾಮಸಭೆಗೆ ಬಂದು ಹೇಳು," ಎಂದಳು ಸ್ತ್ರೀಶಕ್ತಿ ಸಂಘದ ಆಶಾರಾಣಿ.

"ಸಭೆ ಅಂದ್ರೆ ಟೀ ಬಿಸ್ಕತ್ತು ಕಣಮ್ಮಿ. ನನ್ ಮಾತು ಯಾರ್ ಕೇಳ್ತಾರೆ? ಬುಡು, ನಂಗೆ ಬೇರೆ ದಾರಿ ಗೊತ್ತದೆ."

ಮರುದಿನ ಬೆಳಗ್ಗೆ ಮರದಡಿ ಒಂದು ದುಂಡು ಕಲ್ಲು! ಅರಿಶಿನ, ಕುಂಕುಮ, ವಿಭೂತಿ, ಎಲ್ಲ ಅಲಂಕಾರವೂ ಆಗಿತ್ತು. "ದೇವ್ರು ಕನಸಲ್ ಬಂದು, ಇಲ್ಲೇ ಇರ್ತೀನಿ ಅಂತು," ಎಂದ ರುದ್ರಯ್ಯ. ಸರ್ವೆಯವರು ಚಪ್ಪಲಿ ಬಿಟ್ಟು ಕೈಮುಗಿದು ವಾಪಸ್ ಹೋದರು.

ರುದ್ರಯ್ಯ ರಸ್ತೆಗೆ ಮರ ಬಿಡಲಿಲ್ಲ, ಸರಿ. ದೇವರು ರುದ್ರಯ್ಯನನ್ನು ಬಿಡಬೇಕಲ್ಲ? ಮಂಗಳವಾರ ಆರತಿ ಬಂತು, ಶುಕ್ರವಾರ ತೆಂಗಿನಕಾಯಿ ಬಂತು. ಹರಕೆಯವರ ಬೈಕುಗಳು ರಾಗಿ ಪೈರಿನ ಮೇಲೇ ಸ್ಟ್ಯಾಂಡ್ ಹಾಕಿದವು. ಒಂದು ದಿನ ಅಂಗಡಿ ಹನುಮಂತರಾಜು ಭಕ್ತಿಯಿಂದ ಹೇಳಿದ: "ರುದ್ರಣ್ಣ, ಸ್ವಾಮಿಗೊಂದ್ ಗುಡಿ ಕಟ್ಬೇಕು. ಈ ಹಲಸಿನ ಮರ ಅಡ್ಡ ಆಯ್ತದೆ. ಕಡಿಸ್ಬುಡಾನಾ?"

ರುದ್ರಯ್ಯ ಓಡಿಹೋಗಿ ಮರಕ್ಕೆ ಅಡ್ಡ ನಿಂತ. ಅಷ್ಟರಲ್ಲಿ ಆರತಿ ತಟ್ಟೆ ಹಿಡಿದು ಬಂದ ಅವನ ಹೆಂಡತಿ ಹೊಂಬಾಳಮ್ಮ ಕುಂಕುಮ ಉದುರಿದ ಕಲ್ಲನ್ನೇ ದಿಟ್ಟಿಸಿದಳು.

"ಅಯ್ಯೋ, ಇದು ನಮ್ಮ ಹಿತ್ಲಲ್ಲಿದ್ದ ರುಬ್ಬೋ ಗುಂಡು ಕಣ್ರೋ! ಮಿಕ್ಸಿ ಬಂದ್ಮೇಲೆ ಮೂಲೆಗಾಕಿದ್ದೆ. ಅಲ್ಲಾ ಕಣಯ್ಯಾ, ಊರೋರ ಕೈಲೆಲ್ಲಾ ಇದ್ರ ಮುಂದೆ ಕಾಯಿ ಒಡೆಸ್ದಾ?"

"ಗುಂಡೂ ಅದೆ, ಕಾಯೂ ಅದೆ. ಹುರಿಗಡ್ಲೆ ತತ್ತೀನಿ ತಡೀರಿ," ಎಂದ ಹನುಮಂತರಾಜು. ಊರೇ ಬಿದ್ದು ಬಿದ್ದು ನಕ್ಕಿತು.

ಆಶಾರಾಣಿ ನಗಲಿಲ್ಲ. "ದೊಡ್ಡಪ್ಪ, ನಿಂಗೆ ಮರ ಉಳೀಬೇಕು ತಾನೆ? ಅದ್ನೇ ಸಭೇಲಿ ಹೇಳು. ನಕ್ಷೆ ಕೇಳು. ರಸ್ತೆ ಆಚೆಗೆ ಯಾರೂ ಉಳದ ಸರ್ಕಾರಿ ಖರಾಬು ಜಾಗ ಅದೆ, ತೋರ್ಸು. ಅಳೆಯೋವಾಗ ಪಕ್ಕದಲ್ಲೇ ನಿಂತ್ಕೊ."

"ಕೇಳ್ದಿದ್ರೆ?"

"ಬರೆದು ಕೊಡು, ಕೊಟ್ಟಿದ್ದಕ್ಕೆ ರಶೀದಿ ಇಸ್ಕೊ. ಆಗ್ಲೂ ಆಗ್ದಿದ್ರೆ ಮರಕ್ಕೂ ಜಮೀನಿಗೂ ಪರಿಹಾರ ಕೇಳು. ನಿನ್ ಗುಂಡಪ್ಪ ಸ್ವಾಮಿ ರಶೀದಿ ಕೊಡ್ತಾನಾ?"

ಸಭೆಯಲ್ಲಿ ರುದ್ರಯ್ಯ ಎದ್ದು ನಿಂತ. ಅವ್ವನ ಮರ ಉಳಿಯಬೇಕೆಂದ, ನಕ್ಷೆ ಕೇಳಿದ. ಎಂಜಿನಿಯರ್ ನಕ್ಷೆ ಬಿಡಿಸಿದರು. ಊರೆಲ್ಲ ಜೊತೆಯಲ್ಲೇ ಹೋಗಿ ಮರ ನೋಡಿತು. ರಸ್ತೆ ಖರಾಬಿನ ಕಡೆಗೆ ಸ್ವಲ್ಪ ವಾಲಿತು. ತಿರುವಿಗೆ ಬೇಕಾದ ತನ್ನ ಹೊಲದ ಮೂಲೆಯನ್ನು ರುದ್ರಯ್ಯ ಒಪ್ಪಿ ಬಿಟ್ಟುಕೊಟ್ಟ. ಅಳತೆ ಟೇಪಿನ ಒಂದು ತುದಿ ಹಿಡಿದವನೂ ಅವನೇ!

ಈಗ ಗುಬ್ಬಿಯಿಂದ ಬಸ್ಸು ಬಂದು ಅದೇ ಹಲಸಿನ ನೆರಳಲ್ಲಿ ನಿಲ್ಲುತ್ತದೆ. ಆ ಗುಂಡಿನಲ್ಲಿ ಮತ್ತೆ ಚಟ್ನಿ ರುಬ್ಬಲು ಹೊಂಬಾಳಮ್ಮನಿಗೆ ಧೈರ್ಯ ಬಂದಿಲ್ಲ. ಅದೂ ಅಲ್ಲೇ ಕೂತಿದೆ, ಬಸ್ಸಿಗೆ ಕಾಯುವವರ ಹಾಗೆ.

ನಿಮ್ಮೂರಲ್ಲೂ ಗೂಟ ನೆಟ್ಟಿದ್ದಾರಾ? ಗೂಟ ಕೀಳಬೇಡಿ, ಕಲ್ಲಿಗೆ ಕುಂಕುಮ ಹಚ್ಚಬೇಡಿ. ಸಭೆಗೆ ಹೋಗಿ, ನಕ್ಷೆ ನೋಡಿ, ನಿಮ್ಮ ಕಷ್ಟವನ್ನು ನೀವೇ ಹೇಳಿ. ಮೊದಲ ಸಲ ಸಂಕೋಚವೇ? ಟೀ ಬಿಸ್ಕತ್ತಿಗಾದರೂ ಹೋಗಿ!